ಒಂದೇ ಕೈ ನೋಡುವವನು

ಸಾಂಗಲಿ ಹತ್ತಿರದ ಕುಪವಾಡದ ಎರಕದ ಫೌಂಡ್ರಿಯಲ್ಲಿ ಅವನು ಮೇಲೆ, ನಾನು ಕೆಳಗೆ. ಅವನು ಕ್ರೇನ್ ನಡೆಸುವವನು. ಚಾವಣಿಯ ಕೆಳಗೆ ಹಳಿಯ ಮೇಲೆ ಓಡಾಡುವ ಡಬ್ಬಿಯಂಥ ಕ್ಯಾಬಿನ್ನಿನಲ್ಲಿ ಕುಳಿತು ಲ್ಯಾಡಲ್ ಎತ್ತುತ್ತಿದ್ದ. ಲ್ಯಾಡಲ್ ಅಂದರೆ ಕರಗಿದ ಕಬ್ಬಿಣ ತುಂಬಿದ ದೊಡ್ಡ ಬಕೆಟ್ಟು. ನಾನು ಉಸುಕು ಸಾಣಿಸುವವಳು. ಇಪ್ಪತ್ತೆರಡು ವರ್ಷ ಅವನ ಮುಖಕ್ಕಿಂತ ಅವನ ಚಪ್ಪಲಿಯ ತಳವನ್ನೇ ಹೆಚ್ಚು ನೋಡಿದ್ದೇನೆ.

ಹೋದ ತಿಂಗಳು ಸತ್ತ. ಮಿರಜಿನ ಆಸ್ಪತ್ರೆಯಲ್ಲಿ ಎರಡು ದಿನ ಇದ್ದ, ಮೂರನೆಯ ದಿನ ಬೆಳಗ್ಗೆ ಚಹಾ ಕುಡಿದು ಹೋದ. ಬಹಳ ಒಳ್ಳೆಯವನಿದ್ದ ಅಂತ ಬಂದವರೆಲ್ಲ ಅಂದರು. ಸತ್ತವರಿಗೆಲ್ಲ ಹಾಗೇ ಅನ್ನುತ್ತಾರೆ. ಅಷ್ಟೇನೂ ಒಳ್ಳೆಯವನಲ್ಲ. ಹಟಮಾರಿ. ಊಟದ ಡಬ್ಬಿಯೊಳಗಿನ ಶೇಂಗಾ ಹಿಂಡಿ ಒಬ್ಬರಿಗೂ ಕೊಟ್ಟವನಲ್ಲ. ತಪ್ಪಾಯಿತು ಅನ್ನುವ ಮಾತು ಅವನ ಬಾಯಿಂದ ನಾನು ಒಂದೇ ಸಲ ಕೇಳಿದ್ದು, ಅದೂ ನನ್ನ ಸಂಡಿಗೆ ಹಾಳು ಮಾಡಿದಾಗ. ಅದನ್ನು ಮುಂದೆ ಹೇಳುತ್ತೇನೆ.

ಹೆಸರು ಬರೆಯುವುದಿಲ್ಲ. ಶೆಡ್ಡಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ, ಎಲ್ಲರಿಗೂ ಕಾಕಾ. ನನಗಿಂತ ನಾಲ್ಕು ವರ್ಷ ಸಣ್ಣವನು, ಹಾಗಾಗಿ ನನಗೆ ತಮ್ಮ. ಅವನದು ಮಿರಜ ಹತ್ತಿರದ ಬೇಡಗದ ಕಡೆ, ನಮ್ಮದು ಅಥಣಿಯ ಕಡೆ. ಮರಾಠಿಯಲ್ಲಿ ಬೈಸಿಕೊಂಡು ಕನ್ನಡದಲ್ಲಿ ಗೊಣಗುವುದು ಇಬ್ಬರಿಗೂ ರೂಢಿ.

ಕ್ರೇನಿನವನಿಗೆ ಕೆಳಗೆ ಒಬ್ಬರು ಕೈ ತೋರಿಸುವವರು ಬೇಕು. ಮೇಲಿನಿಂದ ಅವನಿಗೆ ಎತ್ತರ ತಿಳಿಯುವುದಿಲ್ಲ, ಭಟ್ಟಿಯ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಬೆರಳು ಮೇಲೆ ಮಾಡಿ ತಿರುವಿದರೆ ಎತ್ತು, ಕೆಳಗೆ ಮಾಡಿ ತಿರುವಿದರೆ ಇಳಿಸು. ಅಂಗೈ ಯಾವ ಕಡೆ ತಳ್ಳುತ್ತದೋ ಆ ಕಡೆ ನಡೆ. ಎರಡು ಬೆರಳು ಚಿವುಟಿದರೆ ಚೂರೇ ಚೂರು. ಮುಷ್ಟಿ ಕಟ್ಟಿದರೆ ನಿಲ್ಲು. ಎರಡೂ ಕೈ ಎದೆಯ ಮುಂದೆ ಕತ್ತರಿ ಹಾಕಿದರೆ ಕೆಲಸ ಮುಗಿಯಿತು. ಎಡ ಬಲ ಅನ್ನುವ ಮಾತೇ ಇಲ್ಲ. ಎದುರು ನಿಂತವರ ಎಡ ನಮಗೆ ಬಲ, ಆ ಗೊಂದಲದಲ್ಲಿ ಒಬ್ಬನ ಕಾಲು ಹೋಗಿತ್ತಂತೆ, ನಾನು ಸೇರುವ ಮೊದಲು. ಅಂದಿನಿಂದ ಶೆಡ್ಡಿನಲ್ಲಿ ಭಟ್ಟಿ ಕಡೆ, ಗೇಟ್ ಕಡೆ, ಬಾವಿ ಕಡೆ, ರಸ್ತೆ ಕಡೆ ಎಂದು ನಾಲ್ಕೇ ದಿಕ್ಕು. ಇನ್ನೊಂದು ಕಾನೂನು ಇದಕ್ಕಿಂತ ದೊಡ್ಡದು. ಕ್ರೇನಿನವನು ಒಬ್ಬರ ಕೈ ಮಾತ್ರ ನೋಡಬೇಕು. ಮಾಲೀಕರೇ ಬಂದು ಕೂಗಿದರೂ ಆ ಕಡೆ ಕಣ್ಣು ಹಾಯಿಸಬಾರದು. ಇಬ್ಬರ ಮಾತು ಕೇಳಿದ ಕ್ರೇನು ಮೂರನೆಯವನನ್ನು ಕೊಲ್ಲುತ್ತದೆ ಅನ್ನುತ್ತಿದ್ದ.

ನಾನು ಸೇರಿದ ಹೊಸದರಲ್ಲಿ ಕೈ ತೋರಿಸಲು ಬೇರೊಬ್ಬ ಗಂಡಸಿದ್ದ. ಒಂದು ದಿನ ಅವನು ಸುಪರ್‌ವೈಸರನ ಜೊತೆ ಮಾತಾಡುತ್ತ ಬೆನ್ನು ತಿರುಗಿಸಿ ನಿಂತುಬಿಟ್ಟ. ಲ್ಯಾಡಲ್ ಬರುತ್ತಿದೆ, ಕೆಳಗೆ ಒಬ್ಬ ಬಗ್ಗಿ ಅಚ್ಚು ಕಟ್ಟುತ್ತಿದ್ದಾನೆ. ನಾನು ಸಾಣಿಗೆ ಒಗೆದು ಮುಷ್ಟಿ ಎತ್ತಿದೆ. ಕ್ರೇನ್ ನಿಂತಿತು. ಬಕೆಟ್ಟು ನಿಲ್ಲಲಿಲ್ಲ, ಉಯ್ಯಾಲೆಯ ಹಾಗೆ ಜೋಲಿ ಹೊಡೆಯಿತು. ಆಗ ಮೇಲಿನವನು ಮಾಡಿದ್ದನ್ನು ಮೊದಲ ಸಲ ಸರಿಯಾಗಿ ನೋಡಿದೆ. ಬಕೆಟ್ಟು ಗೇಟ್ ಕಡೆ ತೂಗಿದಾಗ ಕ್ರೇನನ್ನೂ ಗೇಟ್ ಕಡೆಗೇ ಓಡಿಸಿದ. ಅದು ಮುಟ್ಟುವುದರೊಳಗೆ ಅಲ್ಲಿಗೆ ಹೋಗಿ ಅದರ ನೆತ್ತಿಯ ಮೇಲೆ ನಿಂತ. ಜೋಲಿ ಅಲ್ಲೇ ಸತ್ತಿತು. ಒಂದು ಹನಿ ಚೆಲ್ಲಲಿಲ್ಲ. ಅಚ್ಚು ಕಟ್ಟುವವನು ತಲೆ ಎತ್ತಿ ಏನಾಯಿತು ಅಂತ ಕೇಳಿದ.

ಊಟದ ಹೊತ್ತಿಗೆ ಅವನು ಏಣಿ ಇಳಿದು ಬಂದ. ಸುಪರ್‌ವೈಸರನ ಮುಂದೆ ನಿಂತು, ನಾಳೆಯಿಂದ ಉಸುಕಿನ ಅಕ್ಕನನ್ನೇ ಕೈ ತೋರಿಸಲು ಕೊಡಿ, ಇಲ್ಲದಿದ್ದರೆ ನಾನು ಮೇಲೆ ಹತ್ತುವುದಿಲ್ಲ ಅಂದ. ಹೆಂಗಸು ಕ್ರೇನಿಗೆ ಕೈ ತೋರಿಸುವುದೇ ಅಂತ ಸುಪರ್‌ವೈಸರ್ ನಕ್ಕ. ನಗುವುದು ಮುಗಿಯುವ ತನಕ ಇವನು ಕಾದ. ಆಮೇಲೆ ಮೂರು ದಿನ ಕ್ರೇನಿಗೆ ಹತ್ತಲಿಲ್ಲ. ನಾಲ್ಕನೆಯ ದಿನ ನನ್ನ ಕೈಗೆ ಕೈ ತೋರಿಸುವವರ ಹಳದಿ ಕೈಗವಸು ಬಂತು.

ಜೋಲಿ ಹಿಡಿಯುವುದು ಹೇಗೆ ಅಂತ ಒಮ್ಮೆ ಕೇಳಿದ್ದೆ.

"ಬೆನ್ನ ಹತ್ತಬಾರದ್ರಿ ಅಕ್ಕಾ," ಅಂದ. "ಮುಂದ ಹೋಗಿ ನಿಂದರಬೇಕು. ಅದು ಬರೂದರಾಗ ನಾವು ಅಲ್ಲಿರಬೇಕು."

ಅವನು ಕಲಿಸಿದ್ದು ಅಷ್ಟೇ. ಉಳಿದದ್ದೆಲ್ಲ ನೋಡಿ ಕಲಿತದ್ದು.

ನನ್ನನ್ನು ಮೊದಲು ಮನೆಗೆ ಕಳಿಸಿದರು, ವಯಸ್ಸಾಯಿತು ಅಂತ. ಆಮೇಲೆ ಅವನನ್ನು. ಅವನಿಗೆ ಹೇಳಿದ ಕಾರಣ ಬೇರೆ. ಮಾಲೀಕರ ಮಗ ಹೊಸ ಕ್ರೇನ್ ತರಿಸಿದ್ದ. ಅದಕ್ಕೆ ಕ್ಯಾಬಿನ್ ಇಲ್ಲ, ನೆಲದ ಮೇಲೆ ನಿಂತು ಗುಂಡಿ ಒತ್ತುವುದು. ಜೋಲಿ ಹೊಡೆದರೆ ತಾನೇ ನಿಲ್ಲುತ್ತದೆ. ಈ ಕಾಲದಲ್ಲಿ ಕೈ ಬೇಕಿಲ್ಲ ಕಾಕಾ ಅಂತ ಹುಡುಗ ಮುಖದ ಮೇಲೇ ಅಂದನಂತೆ. ಕಳಿಸುವ ದಿನ ಶಾಲು ಹೊದಿಸಲು ಹೋದರು. ಶಾಲು ಬೇಡ, ಕ್ಯಾಬಿನ್ನಿನ ಗಂಟೆ ಬಿಚ್ಚಿ ಕೊಡಿ ಅಂದ. ಲ್ಯಾಡಲ್ ಏಳುವ ಮೊದಲು ಕಾಲಿನಿಂದ ಒತ್ತುವ ಹಿತ್ತಾಳೆಯ ಗಂಟೆ ಅದು. ಗುಜರಿಗೆ ಹೋಗುವ ಸಾಮಾನು ಅಂತ ಕೊಟ್ಟರು. ಮಡಿಲಲ್ಲಿ ಇಟ್ಟುಕೊಂಡು ಶೇರ್ ರಿಕ್ಷಾದಲ್ಲಿ ಬಂದ.

ಎಂಟು ತಿಂಗಳು ಕಟ್ಟೆಯ ಮೇಲೆ ಕುಳಿತ. ನಮ್ಮ ಸಾಲುಮನೆಗಳ ಚಾಳಿನಲ್ಲಿ ಅವನ ಮನೆ ಮೊದಲನೆಯದು, ನಮ್ಮದು ಐದನೆಯದು. ಕುಳಿತಲ್ಲೇ ಅವನ ಎರಡೂ ಹೆಬ್ಬೆರಳು ಅಲ್ಲಾಡುತ್ತಿದ್ದವು. ಹುಚ್ಚು ಹಿಡಿಯುವ ಲಕ್ಷಣ ಅಂತ ನಾನೇ ಅವನ ಹೆಂಡತಿಗೆ ಹೇಳಿದ್ದೆ.

ಆಮೇಲೆ ಮಿರಜಿಗೆ ಯಾರದೋ ಮದುವೆಗೆ ಹೋದವನು ಡ್ರೋನ್ ನೋಡಿಕೊಂಡು ಬಂದ. ಫೋಟೊ ತೆಗೆಯುವವನು ಅದನ್ನು ಮದುಮಕ್ಕಳ ತಲೆಯ ಮೇಲೆ ನಿಲ್ಲಿಸಿ, ರಿಮೋಟ್ ಕುರ್ಚಿಯ ಮೇಲಿಟ್ಟು ಜಿಲೇಬಿ ತಿನ್ನುತ್ತಿದ್ದನಂತೆ. ಇದು ಹೇಗೆ ನಿಂತಿದೆ ಅಂತ ಇವನು ಕೇಳಿದ. ಆಕಾಶದ ಉಪಗ್ರಹಗಳು ಹಿಡಿದುಕೊಂಡಿವೆ ಕಾಕಾ, ಜಿಪಿಎಸ್ ಅಂತಾರೆ, ಗಾಳಿ ಬಂದರೂ ಅಲ್ಲಾಡುವುದಿಲ್ಲ ಅಂದ ಅವನು. ಇವನಿಗೆ ಅದು ಹಿಡಿಸಲಿಲ್ಲ. ಉಪಗ್ರಹ ಕೈ ಬಿಟ್ಟರೆ ಅಂತ ಕೇಳಿದ. ಆಗ ಆ ಮನುಷ್ಯ ರಿಮೋಟಿನ ಮೂಲೆಯ ಸಣ್ಣ ಸ್ವಿಚ್ಚು ತೋರಿಸಿದ. ಮೇಲಿಟ್ಟರೆ ಜಿಪಿಎಸ್. ಕೆಳಗೆ ತಳ್ಳಿದರೆ ಅದು ಎತ್ತರವೊಂದನ್ನು ಹಿಡಿದುಕೊಳ್ಳುತ್ತದೆ, ಉಳಿದದ್ದು ಗಾಳಿ ಎಳೆದತ್ತ. ಮುಂದೆ ತಳ್ಳಿ ಕೈ ಬಿಟ್ಟರೂ ನಿಲ್ಲದೆ ಜಾರುತ್ತ ಹೋಗುತ್ತದೆ, ಹಿಂದಕ್ಕೆ ಎಳೆದು ನೀವೇ ನಿಲ್ಲಿಸಬೇಕು, ಅದನ್ನು ಯಾರೂ ಮುಟ್ಟುವುದಿಲ್ಲ ಅಂದ.

ಜೋಲಿ. ಇವನಿಗೆ ಬೇಕಾದದ್ದು ಅದೇ.

ಆ ಫೋಟೊದವನೇ ಹೊಸದು ಕೊಂಡಾಗ ಹಳೆಯದನ್ನು ಇವನು ತಂದ. ನಾಲ್ಕು ರೆಕ್ಕೆಯ ಬಿಳಿ ಡ್ರೋನು, ಅಗಲವಾದ ತಾಟಿನಷ್ಟು. ಮೊದಲು ಮಾಡಿದ ಕೆಲಸ, ಆ ಸ್ವಿಚ್ಚನ್ನು ಕೆಳಗೆ ತಳ್ಳಿ ಮೇಲೆ ಕಪ್ಪು ಟೇಪು ಸುತ್ತಿದ್ದು. ನಾನು ಯಾಕೆ ಅಂದೆ.

"ತಾನ ನಿಂದರತೈತಿ ಅಂದ್ರ ಮತ್ತ ನಾ ಯಾಕ್ರಿ?" ಅಂದ.

ಚಾಳಿನ ಹಿಂದಿನ ಬಯಲಿನಲ್ಲಿ ಹಾರಿಸಿದ. ಹಾರಿಸುವ ಮೊದಲು ಹಿತ್ತಾಳೆ ಗಂಟೆ ನೆಲಕ್ಕಿಟ್ಟು ಕಾಲಿನಿಂದ ಒತ್ತಿದ. ಡ್ರೋನು ಸೀದಾ ಎದ್ದು ಹೋಯಿತು. ಗಾಳಿ ಅದನ್ನು ಪಕ್ಕಕ್ಕೆ ನೂಕುತ್ತಿತ್ತು, ಅವನ ಹೆಬ್ಬೆರಳು ಅದಕ್ಕಿಂತ ಮೊದಲು ಅಲ್ಲಿರುತ್ತಿತ್ತು. ಎಂಟು ತಿಂಗಳು ಕಟ್ಟೆಯ ಮೇಲೆ ಅಲ್ಲಾಡಿದ್ದ ಹೆಬ್ಬೆರಳುಗಳಿಗೆ ಕೆಲಸ ಸಿಕ್ಕಿತು ಅಂದುಕೊಂಡೆ. ಅಷ್ಟರಲ್ಲಿ ಅದನ್ನು ತನ್ನ ಕಡೆ ತಿರುಗಿಸಿದ. ಅದು ಭರ್ರನೆ ಬೇಕಾದ ಕಡೆ ಬಿಟ್ಟು ಉಲ್ಟಾ ಹೋಯಿತು, ಇನ್ನಷ್ಟು ಒತ್ತಿದ, ಇನ್ನಷ್ಟು ಉಲ್ಟಾ ಹೋಯಿತು. ನನ್ನ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಸಾಬುದಾಣಿ ಸಂಡಿಗೆ ಹಾಕಿದ್ದೆ. ಅದರ ನಡುವೆ ಬಿದ್ದು ಸೀರೆ ಸುತ್ತಿಕೊಂಡಿತು.

"ಲ್ಯಾಡಲ್ ಆಗಿದ್ರ ಇಷ್ಟೊತ್ತಿಗೆ ನನ್ನ ತಿಥಿ ಮಾಡತಿದ್ದಿ," ಅಂದೆ.

ಹಸಿ ಸಂಡಿಗೆ ಬಿಡಿಸುತ್ತ ತಪ್ಪಾತ್ರಿ ಅಂದ. ಆಮೇಲೆ ರೆಕ್ಕೆಗೆ ಸುತ್ತಿದ ಸೀರೆ ಬಿಚ್ಚುತ್ತ, "ಕ್ರೇನಿಗೆ ಮುಖ ಇರಲಿಲ್ರಿ ಅಕ್ಕಾ. ಇದಕ್ಕ ಮುಖ ಐತಿ. ನನ್ನ ಕಡಿ ತಿರುಗಿತಂದ್ರ ಕೈ ಉಲ್ಟಾ ಆಗತೈತಿ," ಅಂದ.

"ಹಂಗಾದ್ರ ತಿರುಗಿಸಬ್ಯಾಡ."

ತಿರುಗಿಸಲಿಲ್ಲ. ನಾಲ್ಕು ವರ್ಷ ಅದರ ಬೆನ್ನು ನೋಡುತ್ತಲೇ ಹಾರಿಸಿದ. ಎತ್ತಿನ ಹಿಂದೆ ಹೋದ ಹಾಗೆ ಅದರ ಹಿಂದೆ ನಡೆಯುತ್ತಿದ್ದ. ಹುಡುಗರಿಗೆ ಎರಡು ದಿನದಲ್ಲಿ ಬರುವ ವಿದ್ಯೆ, ಅವನಿಗೆ ಬರಲಿಲ್ಲ. ಮೂವತ್ತೈದು ವರ್ಷ ಮುಖವಿಲ್ಲದ ಯಂತ್ರ ನಡೆಸಿದ ಕೈ ಅದು, ಹೊಸ ಪಾಠ ಒಪ್ಪಲಿಲ್ಲ. ಬಯಲಿಗೆ ಬೇರೆಯವರೂ ತಮ್ಮ ಡ್ರೋನು ತರುತ್ತಿದ್ದರು, ನಿಲ್ಲಿಸಿ ವಡಾಪಾವ್ ತಿನ್ನುತ್ತಿದ್ದರು. ಕಾಕಾ, ಟೇಪು ಕಿತ್ತು ನೋಡಿ, ಸುಖ ಐತಿ ಅಂತ ಕಾಲೆಳೆಯುತ್ತಿದ್ದರು. ಕಟ್ಟಿ ಹಾಕಿದ ಎಮ್ಮೆ ಸಹಿತ ನಿಲ್ಲುತ್ತದೆ ಅಂತ ಇವನು ಅನ್ನುತ್ತಿದ್ದ.

ಮಳೆಗಾಲದಲ್ಲಿ ಮಾಧವನಗರಕ್ಕೆ ಹೋಗುತ್ತಿದ್ದ. ಅಲ್ಲಿ ಮುಚ್ಚಿದ ಮಿಲ್ಲಿನ ಖಾಲಿ ಶೆಡ್ಡಿಗೆ ಅವನ ಪರಿಚಯದವನು ವಾಚಮನ್ ಇದ್ದ. ಒಂದೆರಡು ಸಲ ನಾನೂ ಹೋದೆ, ಮನೆಯಲ್ಲಿ ಕುಳಿತು ಏನು ಮಾಡಲಿ. ಇವನ ಒಂದು ಕಣ್ಣಿಗೆ ಪೊರೆ ಬಂದಿತ್ತು, ಕಬ್ಬಿಣದ ತೊಲೆ ಎಷ್ಟು ದೂರ ಅಂತ ತಿಳಿಯುತ್ತಿರಲಿಲ್ಲ. ನನಗೆ ಹತ್ತಿರದ ಅಕ್ಷರ ಕಾಣುವುದಿಲ್ಲ, ದೂರದ್ದು ಹದ್ದಿಗೆ ಕಂಡ ಹಾಗೆ ಕಾಣುತ್ತದೆ. ಕೇಳದೆಯೇ ಕೆಳಗೆ ನಿಂತು ಕೈ ಎತ್ತಿದೆ. ಅವನೂ ಕೇಳದೆಯೇ ನೋಡಿದ. ಅಲ್ಲೇ ಒಂದು ಸಂಗತಿ ಕಲಿತೆವು. ಚಾವಣಿಗೆ ಮೊಳದಷ್ಟು ಹತ್ತಿರ ಹೋದರೆ ಚಾವಣಿಯೇ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಅದನ್ನು ಕಲಿಯಲು ಆರು ರೆಕ್ಕೆ ಮುರಿದವು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಹೋದ ವರ್ಷ ಮಳೆಗಾಲದ ಮೊದಲು ನನ್ನ ಸೊಸೆ ಬೆಳಗ್ಗೆ ಹತ್ತಕ್ಕೇ ತುಂಬಿದ ಡಬ್ಬಿ ಹಿಡಿದು ಮನೆಗೆ ಬಂದಳು. ಅವಳು ಅದೇ ಫೌಂಡ್ರಿಯ ಕೋರ್ ಶೆಡ್ಡಿನಲ್ಲಿ ಇದ್ದಾಳೆ. ಎರಕದೊಳಗೆ ಪೊಳ್ಳು ಬಿಡಲು ಉಸುಕಿನಿಂದ ಮಾಡುವ ತುಂಡಿಗೆ ಕೋರ್ ಅನ್ನುತ್ತಾರೆ. ಅದೆಲ್ಲ ಹೆಂಗಸರ ಕೆಲಸ, ಮೂವತ್ತೆಂಟು ಹೆಂಗಸರು. ಹಳೆಯ ಶೆಡ್ಡು, ಅದರಲ್ಲಿ ಕ್ರೇನ್ ಇಲ್ಲ. ಆ ದಿನ ಚಾವಣಿಯಿಂದ ಹೆಬ್ಬೆರಳು ಗಾತ್ರದ ಬೋಲ್ಟು ಮುರಿದು ಕೆಳಗೆ ಬಿದ್ದಿತ್ತು. ಯಾರಿಗೂ ಬಡಿಯಲಿಲ್ಲ. ಮರುದಿನ ಸಾಂಗಲಿಯಿಂದ ಎಂಜಿನಿಯರ್ ಬಂದು, ಬಾವಿ ಕಡೆಯ ಕೊನೆಯ ತೊಲೆಯ ಜೋಡಣೆಯನ್ನು ಹತ್ತಿರದಿಂದ ನೋಡುವ ತನಕ ಒಳಗೆ ಯಾರೂ ಕೆಲಸ ಮಾಡಬಾರದು ಅಂದರು. ಗಟ್ಟಿ ಇದೆಯೋ ಇಲ್ಲವೋ ತಿಳಿಯದ ತೊಲೆಗೆ ಏಣಿ ಆನಿಸುವಂತಿಲ್ಲ, ಅಟ್ಟಣಿಗೆ ಕಟ್ಟಬೇಕು, ಅಟ್ಟಣಿಗೆಗೆ ಕೋರ್ ಸುಡುವ ಒಲೆಗಳನ್ನು ಕೀಳಬೇಕು. ಮಾಲೀಕರ ಮಗ ಲೆಕ್ಕ ಹಾಕಿದ. ಇಷ್ಟೆಲ್ಲ ಯಾಕೆ, ಶೆಡ್ಡು ಕೆಡವೋಣ, ಕೋರ್ ಹೊರಗಿನಿಂದ ತರಿಸೋಣ ಅಂದ. ಮೂವತ್ತೆಂಟು ಮಂದಿಗೆ ಅದರ ಅರ್ಥ ಆಗಲು ಬಹಳ ಹೊತ್ತು ಬೇಕಾಗಲಿಲ್ಲ.

ಎಂಜಿನಿಯರ್ ಒಳ್ಳೆಯವರು, ಡ್ರೋನಿನಿಂದ ಫೋಟೊ ಸಿಕ್ಕರೂ ಸಾಕು ಅಂದಿದ್ದರು. ಎರಡು ದಿನ ಬಿಟ್ಟು ಎಲ್ಲಿಂದಲೋ ಇಬ್ಬರನ್ನು ಕರೆಸಿದರು. ಹೊಸ ಡ್ರೋನು, ಕಪ್ಪು ಪೆಟ್ಟಿಗೆ, ಕಪ್ಪು ಕನ್ನಡಕ. ತಗಡಿನ ಕೆಳಗೆ ಉಪಗ್ರಹ ಸಿಗಲಿಲ್ಲ. ಸುತ್ತಲೂ ಕಬ್ಬಿಣ, ಅದಕ್ಕೆ ದಿಕ್ಕೇ ತಿಳಿಯಲಿಲ್ಲ. ಎದ್ದಿತು, ಕುಡಿದವನ ಹಾಗೆ ಒಂದು ಸುತ್ತು ಹಾಕಿತು, ತೊಲೆಗೆ ಬಡಿದು ಒಲೆಯ ಹಿಂದೆ ಬಿದ್ದಿತು. ಒಳಗೆ ಆಗುವ ಕೆಲಸವಲ್ಲ ಅಂತ ಹೇಳಿ ಹೋದರು.

ಸೊಸೆ ಇದನ್ನೂ ಬಂದು ಹೇಳಿದ ಮೇಲೆ ನಾನು ಎದ್ದು ಮೊದಲನೆಯ ಮನೆಗೆ ಹೋದೆ. ಅವನು ಗಡ್ಡ ಹೆರೆಯುತ್ತಿದ್ದ. ಹೇಳಿದೆ. ಕೇಳಿಸಿಕೊಂಡು ಅರ್ಧ ಮುಖಕ್ಕೆ ಸಾಬೂನು ಇಟ್ಟುಕೊಂಡೇ ಕುಳಿತ.

"ಒಳಗ ಹೋಗೂದು ಆಗತೈತ್ರಿ," ಅಂದ. "ಆದ್ರ ಜೋಡಣಿ ಇರೂದು ಆಚಿ ಬಾಜು, ಗ್ವಾಡಿ ಕಡಿ ಮುಖ ಮಾಡಿ. ತೊಲಿ ದಾಟಿ ಹೋಗಿ ಹೊಳ್ಳಿ ನೋಡಬೇಕು. ನನಗ ತಿರುಗಿಸಾಕ ಬರೂದಿಲ್ಲಂತ ನಿಮಗ ಗೊತ್ತೈತಿ."

"ಬರಲಿಲ್ಲಂದ್ರ ಬಿದ್ದು ಮುರೀತೈತಿ," ಅಂದೆ. "ಮೂವತ್ತೆಂಟು ಮಂದಿ ಆಗಲೇ ಮುರಿದು ಬಿದ್ದಾರ. ನಿನ್ನ ಆಟಿಗಿ ಸಾಮಾನು ಅದಕ್ಕಿಂತ ಹೆಚ್ಚಲ್ಲ."

ಆಟಿಗೆ ಸಾಮಾನು ಅಂದದ್ದು ಅವನಿಗೆ ಚುಚ್ಚಿತು. ಚುಚ್ಚಲಿ ಅಂತಲೇ ಅಂದದ್ದು.

ಮರುದಿನ ಇಬ್ಬರೂ ಹೋದೆವು. ಗೇಟಿನ ಹೊರಗೆ ಹೆಂಗಸರು ಬೇವಿನ ಗಿಡದ ಕೆಳಗೆ ಕುಳಿತಿದ್ದರು. ಮಾಲೀಕರ ಮಗ ಟೇಪು ಸುತ್ತಿದ ರಿಮೋಟ್ ನೋಡಿ ಎಂಜಿನಿಯರ್ ಮುಖ ನೋಡಿದ. ಎಂಜಿನಿಯರ್, ನೋಡೋಣ, ಮುರಿದರೆ ಹೋಗುವುದು ಅವರ ಡ್ರೋನು ಅಂದರು. ಇವನು ತನ್ನ ಕರಾರು ಹೇಳಿದ. ಫ್ಯಾನು ಬಂದ್. ತೊಲೆಯ ಕೆಳಗೆ ಯಾರೂ ಬರಬಾರದು. ಒಳಗೆ ನಾಲ್ಕೇ ಜನ. ಮಾತಾಡುವವರು ಎಂಜಿನಿಯರ್ ಒಬ್ಬರೇ, ಅವರೂ ರಿಮೋಟಿನ ಪರದೆಯಲ್ಲಿ ಜೋಡಣೆ ಕಂಡಾಗ ಕಂಡಿತು ಅಂತ ಮಾತ್ರ. ಕೈ ತೋರಿಸುವವಳು ಅಕ್ಕ.

"ಬ್ಯಾಟರಿ ಎಂಟು ನಿಮಿಷ ಬರತೈತ್ರಿ," ಅಂದ. "ಅದು ಸತ್ತರ ಆತು, ಬ್ಯಾರೇ ಇಲ್ಲ."

ಗಂಟೆ ಒತ್ತಿದ. ಆ ಶೆಡ್ಡಿನಲ್ಲಿ ಆ ಸದ್ದು ಕೇಳಿ ಹೊರಗಿನ ಹೆಂಗಸರೆಲ್ಲ ಎದ್ದು ನಿಂತರಂತೆ, ಸೊಸೆ ಆಮೇಲೆ ಹೇಳಿದಳು.

ಡ್ರೋನು ಎದ್ದಿತು. ನೆಲದ ಕರಿ ಧೂಳೆಲ್ಲ ಎದ್ದು ಒಂದು ಗಳಿಗೆ ಏನೂ ಕಾಣಲಿಲ್ಲ. ನಾನು ಬಾವಿ ಕಡೆ ತೊಲೆಯಿಂದ ಈಚೆ ನಿಂತು ಕೈ ತೋರಿಸುತ್ತಿದ್ದೆ. ಎತ್ತು. ಭಟ್ಟಿ ಕಡೆ ಚೂರು. ಎತ್ತು. ಎರಡು ತೊಲೆಗಳ ನಡುವೆ ಸೂಜಿಗೆ ದಾರ ಹೊಕ್ಕ ಹಾಗೆ ಹೊಕ್ಕಿತು. ಕೊನೆಯ ತೊಲೆ ದಾಟಿತು. ತೊಲೆಗೂ ಗೋಡೆಗೂ ನಡುವೆ ಒಂದೂವರೆ ಮಾರು ಜಾಗ. ಅಲ್ಲಿ ತಿರುಗಿಸಿದ. ನಾಲ್ಕು ವರ್ಷದಲ್ಲಿ ಮೊದಲ ಸಲ ಅದರ ಮುಖ ಅವನ ಕಡೆ ಆಯಿತು. ನಾನು ಗೇಟ್ ಕಡೆ ಅಂದೆ, ಅದು ಭಟ್ಟಿ ಕಡೆ ಜಾರಿತು. ಅವನು ಇನ್ನಷ್ಟು ಒತ್ತಿದ, ಇನ್ನಷ್ಟು ಜಾರಿತು. ರೆಕ್ಕೆಗೂ ಕಬ್ಬಿಣಕ್ಕೂ ನಾಲ್ಕು ಬೆರಳು ಉಳಿದಾಗ ಮುಷ್ಟಿ ಎತ್ತಿದೆ. ಅವನು ಎರಡೂ ಕೈ ಒಮ್ಮೆಲೇ ಎಳೆದು ಹೇಗೋ ಬಿಡಿಸಿಕೊಂಡ, ಮತ್ತೆ ಬೆನ್ನು ತನ್ನ ಕಡೆ ಮಾಡಿ ಈಚೆ ತಂದು ಇಳಿಸಿದ. ಅಂಗಿ ಬೆನ್ನಿಗೆ ಅಂಟಿತ್ತು.

ಮಾಲೀಕರ ಮಗ ಸಾಕು ಕಾಕಾ, ಪ್ರಯತ್ನ ಮಾಡಿದಿರಿ, ಮನೆಗೆ ಹೋಗಿ ಅಂದ. ಕೆಟ್ಟ ದನಿಯಲ್ಲಿ ಅನ್ನಲಿಲ್ಲ. ಅದು ಇನ್ನೂ ಕೆಟ್ಟದ್ದು.

ಇವನು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ನಿಂತಲ್ಲೇ ನಿಂತು ಒಮ್ಮೆ ಬಾವಿ ಕಡೆ ನೋಡಿದ, ಒಮ್ಮೆ ರಸ್ತೆ ಕಡೆ ನೋಡಿದ. ಹೆಬ್ಬೆರಳು ಅಲ್ಲಾಡುತ್ತಿದ್ದವು. ಆಮೇಲೆ ನನ್ನನ್ನು ಕರೆದ.

"ಅಕ್ಕಾ, ನೀವು ಹೋಗಿ ರಸ್ತಿ ಕಡಿ ನಿಂದರ್ರಿ. ನನ್ನಿಂದ ಇಪ್ಪತ್ತು ಹೆಜ್ಜಿ."

"ಅಲ್ಲಿ ನಿಂತ್ರ ನೀ ನನ್ನ ಹೆಂಗ ನೋಡ್ತಿ? ನಿನ್ನ ಬೆನ್ನ ಹಿಂದ ಆಗತೇನಿ."

"ನೋಡ್ತೇನಿ. ನೀವು ನಿಂದರ್ರಿ."

ಹೋಗಿ ನಿಂತೆ. ಮತ್ತೆ ಗಂಟೆ. ಮತ್ತೆ ಎದ್ದಿತು. ದಾರಿ ಈಗ ಗೊತ್ತಿತ್ತು, ತಾನೇ ಒಯ್ದ. ಕೊನೆಯ ತೊಲೆ ದಾಟಿತು. ಅಲ್ಲಿ ಅದು ನಿಧಾನ ತಿರುಗತೊಡಗಿತು. ಅದು ತಿರುಗಿದ ಹಾಗೆ ಇವನೂ ತಿರುಗಿದ. ರಿಮೋಟ್ ಹಿಡಿದುಕೊಂಡು, ಹೆಜ್ಜೆ ಎತ್ತಿಡುತ್ತ, ಪೂರಾ ತಿರುಗಿ ಅದಕ್ಕೆ ಬೆನ್ನು ಹಾಕಿ ನಿಂತ. ಈಗ ಇಬ್ಬರ ಮುಖವೂ ನನ್ನ ಕಡೆ. ಅದರ ಬಲ ಅವನ ಬಲ, ಅದರ ಎಡ ಅವನ ಎಡ. ಕೈ ಉಲ್ಟಾ ಆಗುವ ಮಾತೇ ಇಲ್ಲ. ಒಂದೇ ಕೊರತೆ, ಅವನಿಗೆ ಅದು ಕಾಣುತ್ತಿರಲಿಲ್ಲ. ಎದುರಿನ ಪರದೆಯಲ್ಲಿ ಅದಕ್ಕೆ ಕಂಡದ್ದು ಕಾಣುತ್ತದೆ, ಪಕ್ಕದ ಕಬ್ಬಿಣ ಕಾಣುವುದಿಲ್ಲ. ಆದರೆ ಅವನು ಪರದೆಯನ್ನೂ ನೋಡಲಿಲ್ಲ, ಅದನ್ನು ಎಂಜಿನಿಯರಿಗೆ ಬಿಟ್ಟ. ಅವನು ನೋಡಿದ್ದು ನನ್ನ ಕೈ.

ಮಾಲೀಕರ ಮಗ ಕೂಗಿದ, ಕಾಕಾ, ಹಿಂದೆ ನೋಡಿ, ಬೀಳತೈತಿ ಅಂತ. ಇವನ ಕಣ್ಣು ಅಲ್ಲಾಡಲಿಲ್ಲ. ಇಪ್ಪತ್ತೆರಡು ವರ್ಷ ಮಾಲೀಕರು ಕೂಗಿದ್ದಾರೆ, ಆಗಲೂ ಅಲ್ಲಾಡಿರಲಿಲ್ಲ.

ನಾನು ನನ್ನ ಕೈಯನ್ನೇ ಮರೆತೆ, ಅದು ತಾನೇ ಆಡುತ್ತಿತ್ತು. ಭಟ್ಟಿ ಕಡೆ ಎಷ್ಟು ಗೇಟ್ ಕಡೆ ಎಷ್ಟು ಅನ್ನುವುದು ಎದುರಿನಿಂದ ನೇರ ಕಾಣುತ್ತಿತ್ತು. ಮುಂದೆ ಹಿಂದೆ ತಿಳಿಯುವುದು ಕಷ್ಟ. ಅದಕ್ಕೆ ಧೂಳು ಇತ್ತು. ಇಷ್ಟು ವರ್ಷ ಕೂತ ಕರಿ ಧೂಳು. ಗೋಡೆಯ ಧೂಳು ಎದ್ದರೆ ಹಿಂದೆ ಹೋಗಿದೆ, ರಸ್ತೆ ಕಡೆ ಅನ್ನಬೇಕು. ತೊಲೆಯ ಧೂಳು ಎದ್ದರೆ ಮುಂದೆ ಬಂದಿದೆ, ಬಾವಿ ಕಡೆ ಅನ್ನಬೇಕು. ಗೇಟ್ ಕಡೆ ಚೂರು. ಇನ್ನೂ ಚೂರು. ಬಾವಿ ಕಡೆ. ಎತ್ತು. ಅಲ್ಲಿ ಚಾವಣಿ ಎಳೆಯಲು ಶುರು ಮಾಡಿತು, ನನ್ನ ಬೆರಳು ಕೆಳಗೆ ತಿರುಗುವುದರೊಳಗೆ ಅವನ ಹೆಬ್ಬೆರಳು ಇಳಿಸಿತ್ತು. ಹೇಗೆ ತಿಳಿಯಿತು ಅಂತ ಆಮೇಲೆ ಕೇಳಿದೆ. ನಿಮ್ಮ ಭುಜ ಏರಿತ್ರಿ ಅಂದ.

ಎಂಜಿನಿಯರ್ ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಕಂಡಿತು ಅಂದರು. ಅವನು ಗುಂಡಿ ಒತ್ತಿ ಫೋಟೊ ಹಿಡಿದ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕಂಡಿತು ಅಂದರು. ನಾನು ಗೇಟ್ ಕಡೆ ತಳ್ಳಿದೆ, ಮೂರನೆಯದೂ ಕಂಡಿತು. ರಿಮೋಟ್ ಬ್ಯಾಟರಿ ಹೋಗುತ್ತಿದೆ ಅಂತ ಪೀಂ ಪೀಂ ಕೂಗಲು ಹತ್ತಿತು. ಅವನು ಮೊದಲು ಅದನ್ನು ಬಾವಿ ಕಡೆಗೆ ತಿರುಗಿಸಿದ, ಜೊತೆಗೆ ತಾನೂ ತಿರುಗಿದ. ಈಗ ಅವನಿಗೆ ಅದರ ಬೆನ್ನು ಕಾಣುತ್ತಿತ್ತು. ಹಿಂದಕ್ಕೆ ಎಳೆದುಕೊಂಡು ತೊಲೆಗಳ ನಡುವಿನಿಂದ ತಂದ. ನೆಲ ಮುಟ್ಟಿದಾಗ ಅವನು ತಿರುಗಿ ನನ್ನನ್ನು ನೋಡಿದ. ನಾನು ಎದೆಯ ಮುಂದೆ ಕೈ ಕತ್ತರಿ ಹಾಕಿದೆ.

ಎಂಜಿನಿಯರ್ ಅಲ್ಲೇ ಉಸುಕಿನ ಪೆಟ್ಟಿಗೆಯ ಮೇಲೆ ಕುಳಿತು ಫೋಟೊ ದೊಡ್ಡದು ಮಾಡಿ ನೋಡಿದರು. ತೊಲೆ ಗಟ್ಟಿ ಇದೆ, ಒಂದು ಪಟ್ಟಿಯ ಬೋಲ್ಟುಗಳು ತುಕ್ಕು ಹಿಡಿದಿವೆ, ಏಣಿ ಹಾಕಿ ಬೆಸುಗೆ ಮಾಡಿದರೆ ಐದು ದಿನದ ಕೆಲಸ ಅಂದರು. ಕೆಡವುವ ಮಾತು ಯಾಕೆ ಅಂತ ಅವರೇ ಮಾಲೀಕರ ಮಗನನ್ನು ಕೇಳಿದರು. ಆಮೇಲೆ ಎಂಜಿನಿಯರ್ ಇವನ ಕಡೆ ತಿರುಗಿ, ಕಾಕಾ, ಬೆನ್ನು ಹಾಕಿ ಹೇಗೆ ಹಾರಿಸಿದಿರಿ ಅಂದರು.

"ಬೆನ್ನು ಹಾಕಿದ್ದು ಅದಕ್ರಿ ಸಾಹೇಬ್ರ," ಅಂದ. "ಅಕ್ಕಾಗ ಯಾವತ್ತೂ ಹಾಕಿಲ್ಲ."

ಹೊರಗೆ ಸುದ್ದಿ ಹೋಗಲು ತಡವಾಗಲಿಲ್ಲ. ಯಾರೋ ಗುಲಾಲು ತಂದಿದ್ದರು. ಸೋತರೆ ಏನು ಮಾಡುತ್ತಿದ್ದರೋ ಗೊತ್ತಿಲ್ಲ, ಗೆಲ್ಲುತ್ತೇವೆ ಅಂತಲೇ ತಂದಿರಬೇಕು. ಮೂವತ್ತೆಂಟು ಹೆಂಗಸರು ಚುನಾವಣೆ ಗೆದ್ದವರ ಹಾಗೆ ಒಳಗೆ ನುಗ್ಗಿದರು. ಅವನ ತಲೆಗೆ, ನನ್ನ ತಲೆಗೆ, ಎಂಜಿನಿಯರ್ ಅಂಗಿಗೆ. ಡ್ರೋನಿಗೂ ಸುರಿದರು. ಅದರ ಮೋಟಾರಿನೊಳಗೆ ಹೋಗುತ್ತದೆ ಅಂತ ಅವನು ಒದರಿದ, ಯಾರು ಕೇಳುತ್ತಾರೆ. ಬಿಳಿ ಡ್ರೋನು ಅಂದಿನಿಂದ ಗುಲಾಬಿ. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ನಾವು ಹೋಗುವಾಗ ಮಾಲೀಕರ ಮಗ ಗೇಟಿನ ತನಕ ಬಂದ. ವಾರಕ್ಕೆರಡು ದಿನ ಬನ್ನಿ ಕಾಕಾ, ಹುಡುಗರಿಗೆ ಕ್ರೇನ್ ಕಲಿಸಿ ಅಂದ.

"ನಿಮ್ಮ ಕ್ರೇನು ತಾನ ನಿಂದರತೈತಂತಲ್ರಿ," ಅಂದ ಇವನು. "ನಿಂದರ್ಲಿ ಬಿಡ್ರಿ."

ಹೋಗಬಹುದಿತ್ತು. ಹಟಮಾರಿ ಅಂತ ಮೊದಲೇ ಹೇಳಿದ್ದೇನೆ. ಆರನೆಯ ದಿನ ಬೆಳಗ್ಗೆ ಎಂಟಕ್ಕೆ ಸೊಸೆ ಡಬ್ಬಿ ತುಂಬಿಕೊಂಡು ಹೋದಳು, ಸಂಜೆ ಖಾಲಿ ಡಬ್ಬಿ ತಂದಳು. ಇಂದೂ ತರುತ್ತಾಳೆ.

ಇನ್ನು ಹೋದ ತಿಂಗಳಿನ ಮಾತು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಬಿದಿರಿನ ವಿಮಾನ ಕಟ್ಟಿ, ಹೂ ಹಾಕಿ, ಅದರಲ್ಲಿ ಕೂಡಿಸಿ ಹೆಗಲ ಮೇಲೆ ಒಯ್ಯುತ್ತಾರೆ. ಫೌಂಡ್ರಿಯವರೇ ಕಟ್ಟಿದರು, ಭಾರಿ ಎತ್ತರ ಮಾಡಿದರು. ಚಾಳಿನ ಬಾಯಲ್ಲಿ ಗಲ್ಲಿ ತಿರುಗುವ ಕಡೆ ಸಿಕ್ಕಿಕೊಂಡಿತು. ಮೇಲೆ ಕರೆಂಟಿನ ತಂತಿ, ಒಂದು ಕಡೆ ಗೋಡೆ, ಒಂದು ಕಡೆ ಗಟಾರ. ಮುಂದಿನವರು ಎಡಕ್ಕೆ ಅಂದರು, ಹಿಂದಿನವರು ಬಲಕ್ಕೆ ಅಂದರು, ಮಾಲೀಕರ ಮಗ ಬಂದಿದ್ದ, ಅವನು ಇಳಿಸಿ ಅಂದ. ವಿಮಾನ ಜೋಲಿ ಹೊಡೆಯತೊಡಗಿತು. ಒಳಗೆ ಅವನ ತಲೆ ಆ ಕಡೆ ಈ ಕಡೆ ಆಡುತ್ತಿತ್ತು, ಇದೇನು ಇಷ್ಟು ಜನ ಮಾತಾಡುತ್ತೀರಿ ಅಂದ ಹಾಗೆ.

ನಾನು ಮುಂದೆ ಹೋದೆ. ಹೆಂಗಸರು ಮುಂದೆ ಬರಬಾರದು ಅಂತ ಒಬ್ಬ ಅಂದ. ಮುಷ್ಟಿ ಎತ್ತಿದೆ. ಹೊತ್ತ ಎಂಟು ಜನರಲ್ಲಿ ಐದು ಜನ ನಮ್ಮ ಶೆಡ್ಡಿನವರು, ಆ ಮುಷ್ಟಿ ಅವರಿಗೆ ಗೊತ್ತು. ನಿಂತರು. ಉಳಿದ ಮೂವರೂ ನಿಂತರು. ಬಾಯಿಗಳು ಮುಚ್ಚಿದವು. ಜೋಲಿ ಸಾಯುವ ತನಕ ಕಾದೆ. ಆಮೇಲೆ ಬೆರಳು ಕೆಳಗೆ ಮಾಡಿದೆ, ಮೊಣಕಾಲು ಬಗ್ಗಿಸಿದರು. ಗೋಡೆ ಕಡೆ ಚೂರು. ಇನ್ನೂ ಚೂರು. ತಂತಿ ನೆತ್ತಿಯ ಮೇಲೆ ನಾಲ್ಕು ಬೆರಳು ಬಿಟ್ಟು ಹೋಯಿತು. ರಸ್ತೆ ಕಡೆ. ಒಂದು ಹೂ ಉದುರದೆ ವಿಮಾನ ಗಲ್ಲಿ ತಿರುಗಿ ದೊಡ್ಡ ರಸ್ತೆಗೆ ಬಂತು.

ಅಲ್ಲಿ ಹಲಗೆ ಬಾರಿಸುವವರು ಕಾಯುತ್ತಿದ್ದರು. ಎಲ್ಲರೂ ನನ್ನ ಕೈ ನೋಡುತ್ತ ನಿಂತೇ ಇದ್ದರು. ಎದೆಯ ಮುಂದೆ ಕೈ ಕತ್ತರಿ ಹಾಕಿದೆ. ಹಲಗೆಗೆ ಪೆಟ್ಟು ಬಿತ್ತು.